ಪೆನ್ ಡ್ರೈವಿನಲ್ಲಿ ಐಎಸ್‌ಒ ಇದ್ದರೂ ಲ್ಯಾಪ್‌ಟಾಪ್ ಬೂಟ್ ಆಗದಿರುವುದೇಕೆ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ. ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿ ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆಯವರ ಉಬುಂಟು (ವಿಂಡೋಸ್‌ನ ಬದಲಿಗೆ ಬಳಸುವ ಲಿನಕ್ಸ್ ತಂತ್ರಾಂಶ) ಇದೆ. ನನಗೆ ಅದೇ ರೂಢಿ. ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಅದಕ್ಕೂ ಉಬುಂಟು ಹಾಕೋಣವೆಂದು ಐಎಸ್‌ಒ ಫೈಲನ್ನು ಇಳಿಸಿಕೊಂಡು 16 ಜಿಬಿ ಪೆನ್ ಡ್ರೈವಿಗೆ ಕಾಪಿ ಮಾಡಿದೆ. ಆದರೆ ಎಷ್ಟು ಸಲ ಆನ್ ಮಾಡಿದರೂ ವಿಂಡೋಸೇ ತೆರೆಯುತ್ತದೆ. ಅಡಿಕೆ ತೋಟದ ಲೆಕ್ಕವೂ ಮಕ್ಕಳ ಫೋಟೊಗಳೂ ಅದರಲ್ಲೇ ಇರುವುದರಿಂದ ಮುಂದುವರಿಯಲು ಹೆದರಿಕೆಯಾಗುತ್ತಿದೆ.

ಉತ್ತರ: ನಿಮ್ಮ ಪೆನ್ ಡ್ರೈವ್ ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ಐಎಸ್‌ಒ ಎಂಬುದು ನೋಡಲು ಒಂದೇ ಫೈಲಾದರೂ ಅದು ಒಂದು ಇಡೀ ಡಿಸ್ಕಿನ ಪಡಿಯಚ್ಚು. ಅದನ್ನು ಫೋಟೊ ಅಥವಾ ಹಾಡಿನಂತೆ ಕಾಪಿ ಮಾಡಿದರೆ, ಪೆನ್ ಡ್ರೈವಿನಲ್ಲಿರುವ ಹತ್ತಾರು ಫೈಲುಗಳ ನಡುವೆ ಅದೂ ಒಂದಾಗಿ ಉಳಿಯುತ್ತದೆಯೇ ಹೊರತು ಪೆನ್ ಡ್ರೈವ್ ತಾನಾಗಿ ಇನ್‌ಸ್ಟಾಲರ್ ಆಗುವುದಿಲ್ಲ.

ಕಂಪ್ಯೂಟರ್ ಆನ್ ಆದ ಕ್ಷಣದಲ್ಲಿ, ಅಂದರೆ ಬೂಟ್ ಆಗುವಾಗ, ಏನು ನಡೆಯುತ್ತದೆಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಆಗ ಮೊದಲು ಎಚ್ಚರಗೊಳ್ಳುವುದು ಯಂತ್ರದೊಳಗೇ ಇರುವ ಪುಟ್ಟ ತಂತ್ರಾಂಶ; ಅದರ ಹಳೆಯ ಮಾದರಿ ಬಯೋಸ್, ಹೊಸತು ಯುಇಎಫ್‌ಐ. ಹಳೆಯ ಬಯೋಸ್ ಮಾದರಿಯ ಯಂತ್ರವು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿರುವ ಚಿಕ್ಕ ಪ್ರೋಗ್ರಾಮನ್ನು ನಡೆಸುತ್ತದೆ. ಈಚಿನ ಯುಇಎಫ್‌ಐ ಯಂತ್ರವಾದರೆ ಪೆನ್ ಡ್ರೈವಿನಲ್ಲಿ ಫ್ಯಾಟ್32 (ಫೈಲುಗಳನ್ನು ಜೋಡಿಸಿಡುವ ಒಂದು ಕ್ರಮ) ಮಾದರಿಯ ವಿಭಾಗವನ್ನು ಹುಡುಕಿ, ಅದರ ಇಎಫ್‌ಐ ಎಂಬ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ನಿಗದಿತ ಹೆಸರಿನ ಒಂದು ಫೈಲ್ ಇದೆಯೇ ಎಂದು ನೋಡುತ್ತದೆ. ಐಎಸ್‌ಒ ಒಳಗೆ ಇವೆಲ್ಲ ಇವೆ, ನಿಜ. ಆದರೆ ಆ ಫೈಲನ್ನು ಬಿಚ್ಚಿ ನೋಡುವ ಸಾಮರ್ಥ್ಯ ಆ ಹಂತದಲ್ಲಿ ಯಂತ್ರಕ್ಕೆ ಇರುವುದಿಲ್ಲವಾದ್ದರಿಂದ, ಪೆನ್ ಡ್ರೈವನ್ನು ಬಿಟ್ಟು ಒಳಗಿನ ಡಿಸ್ಕಿಗೆ ಹೋಗಿ ವಿಂಡೋಸನ್ನೇ ಎಬ್ಬಿಸುತ್ತದೆ.

ಹಾಗಾಗಿ ಐಎಸ್‌ಒವನ್ನು ಪೆನ್ ಡ್ರೈವಿಗೆ ‘ಬರೆಯುವ’ ಪ್ರೋಗ್ರಾಂ ಒಂದು ಬೇಕು. ವಿಂಡೋಸ್‌ನಲ್ಲಿ ರೂಫಸ್ ಸಾಕು. ಅದು ಉಚಿತ ಮತ್ತು ಬಹಳ ಚಿಕ್ಕದು. ಶಾಲೆಯ ಉಬುಂಟುವಿನಲ್ಲೇ ಮಾಡುವುದಾದರೆ ಸ್ಟಾರ್ಟಪ್ ಡಿಸ್ಕ್ ಕ್ರಿಯೇಟರ್ ಅಥವಾ ಬಲೇನಾ ಎಚರ್ ಆಗುತ್ತದೆ. ರೂಫಸ್ ತೆರೆದಾಗ ಮೇಲ್ಗಡೆ ಡಿವೈಸ್ ಎಂಬಲ್ಲಿ ಪೆನ್ ಡ್ರೈವಿನ ಹೆಸರೂ ಗಾತ್ರವೂ ಕಾಣಿಸುತ್ತವೆ. ಅಲ್ಲಿ ನಿಮ್ಮ 16 ಜಿಬಿಯದ್ದೇ ಇದೆಯೆಂದು ಖಚಿತವಾಗುವ ತನಕ ಸ್ಟಾರ್ಟ್ ಒತ್ತಬೇಡಿ, ಏಕೆಂದರೆ ಅಲ್ಲಿ ಆರಿಸಿದ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬಳಿಕ ಐಎಸ್‌ಒ ಮೋಡೋ ಡಿಡಿ ಮೋಡೋ ಎಂಬ ಪ್ರಶ್ನೆ ಬಂದರೆ ಮೊದಲನೆಯದನ್ನು ಆರಿಸಿ, ಅದರಲ್ಲಿ ಬೂಟ್ ಆಗದಿದ್ದರೆ ಮಾತ್ರ ಎರಡನೆಯದಕ್ಕೆ ಹೋಗಿ.

ಬರೆಯುವುದಕ್ಕೆ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ, ಅದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಮ್ಮ ಗುಡ್ಡಗಾಡಿನ ಊರುಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಐದಾರು ಜಿಬಿಯ ಫೈಲ್ ಇಳಿಸುವಾಗ ನಡುವೆ ರೇಂಜ್ ಹೋಗುವುದು, ಕರೆಂಟ್ ಹೋಗುವುದು ಇದ್ದದ್ದೇ. ಅರ್ಧ ಇಳಿದ ಐಎಸ್‌ಒ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಪೆನ್ ಡ್ರೈವಿಗೂ ಹೋಗುತ್ತದೆ, ಕೊನೆಗೆ ಇನ್‌ಸ್ಟಾಲ್ ಅರ್ಧದಲ್ಲಿ ನಿಂತಾಗ ಯಾರನ್ನು ದೂರಬೇಕೆಂದು ಗೊತ್ತಾಗುವುದಿಲ್ಲ. ಉಬುಂಟುವಿನವರು ಪ್ರತಿಯೊಂದು ಐಎಸ್‌ಒ ಜೊತೆಗೆ ಎಸ್‌ಎಚ್‌ಎ 256 ಎಂಬ 64 ಅಕ್ಷರಗಳ ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತನ್ನು, ಪ್ರಕಟಿಸುತ್ತಾರೆ. ರೂಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಅದರ ಪಕ್ಕದ ಟಿಕ್ ಗುರುತಿನ ಬಟನ್ ಒತ್ತಿದರೆ ನಿಮ್ಮ ಫೈಲಿನ ಮೊತ್ತ ತೆರೆದುಕೊಳ್ಳುತ್ತದೆ. ಎರಡನ್ನೂ ಹೋಲಿಸಿ, ಒಂದಕ್ಷರ ಬೇರೆಯಾದರೂ ಫೈಲನ್ನು ಅಳಿಸಿ ಹೊಸದಾಗಿ ಇಳಿಸಿ. ಈ ಐದು ನಿಮಿಷವನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಬೂಟ್ ಮಾಡುವಾಗ ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಆರಂಭಿಸಬೇಕೆಂಬ ಪಟ್ಟಿ ಬರುತ್ತದೆ.

ಇನ್ನು ನಿಮ್ಮ ಹೆದರಿಕೆಯ ಮಾತು. ಪೆನ್ ಡ್ರೈವಿನಿಂದ ಉಬುಂಟು ತೆರೆದುಕೊಂಡ ಕೂಡಲೇ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ‘ಟ್ರೈ’ ಎಂಬುದನ್ನು ಆರಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆಯೇ ಅದು ನಡೆಯುತ್ತದೆ. ಅಲ್ಲಿ ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿ ಪ್ರಶ್ನೆಪತ್ರಿಕೆ ಟೈಪ್ ಮಾಡಲಾಗುತ್ತದೆಯೇ ಎಂದು ನೋಡಿ. ತೋಟದ ಲೆಕ್ಕವನ್ನೂ ಫೋಟೊಗಳನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಸೇರಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಬಳಿಕವೇ ಇನ್‌ಸ್ಟಾಲ್ ಒತ್ತಿ. ಇನ್‌ಸ್ಟಾಲ್ ಮಾಡುವಾಗ ಬರುವ ‘ಇರೇಸ್ ಡಿಸ್ಕ್’ ಎಂಬುದನ್ನು ಆರಿಸಿದರೆ ವಿಂಡೋಸೂ ನಿಮ್ಮ ಫೈಲುಗಳೂ ಒಟ್ಟಿಗೆ ಹೋದಂತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ನೀವು ಹಿಡಿದ ದಾರಿ ಸರಿಯಾದದ್ದೇ.

ಪ್ರಶ್ನೆ: ವಿಂಡೋಸ್ 11ರ ಐಎಸ್‌ಒ ತೆರೆದು ಒಳಗಿನ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕುವಾಗ, 32 ಜಿಬಿಯಲ್ಲಿ ಬೇಕಾದಷ್ಟು ಜಾಗವಿದ್ದರೂ ಒಂದು ಫೈಲ್ ದೊಡ್ಡದಾಯಿತೆಂದು ನಿಲ್ಲುತ್ತದೆ. (ಓದುಗರೊಬ್ಬರು, ಮಂಜೇಶ್ವರ)

ಉತ್ತರ: ನಿಂತಿರುವುದು ‘ಇನ್‌ಸ್ಟಾಲ್ ಡಾಟ್ ವಿಮ್’ ಎಂಬ ಫೈಲಿನಲ್ಲಿ ಇರಬೇಕು. ಫ್ಯಾಟ್32ರಲ್ಲಿ ಒಂದೊಂದು ಫೈಲೂ 4 ಜಿಬಿಗಿಂತ ಕಡಿಮೆಯಿರಬೇಕು, ಈ ಫೈಲ್ ಅದನ್ನು ಮೀರುತ್ತದೆ. ಜಾಗ ಎಷ್ಟಿದ್ದರೂ ಪ್ರಯೋಜನವಿಲ್ಲ. ದೊಡ್ಡ ಫೈಲುಗಳೂ ಹಿಡಿಯುವ ಎನ್‌ಟಿಎಫ್‌ಎಸ್ ಕ್ರಮಕ್ಕೆ ಬದಲಿಸೋಣವೆಂದರೆ ಎಷ್ಟೋ ಯುಇಎಫ್‌ಐ ಯಂತ್ರಗಳು ಅದನ್ನು ಓದಲಾರವು. ರೂಫಸ್ ಪೆನ್ ಡ್ರೈವನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಎನ್‌ಟಿಎಫ್‌ಎಸ್ ಆಗಿಸಿ, ಅದನ್ನು ಓದಿಸಬಲ್ಲ ಪ್ರೋಗ್ರಾಮನ್ನು ಇನ್ನೊಂದು ಪುಟ್ಟ ಭಾಗದಲ್ಲಿ ಇಟ್ಟುಕೊಡುತ್ತದೆ. ಮೈಕ್ರೋಸಾಫ್ಟಿನದ್ದೇ ಆದ ಮೀಡಿಯಾ ಕ್ರಿಯೇಷನ್ ಟೂಲ್ ಕೂಡ ನಿಮ್ಮ ಕೆಲಸಕ್ಕೆ ಸಾಕು. ಆದರೆ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ, ವಿಂಡೋಸ್ 11ಕ್ಕೆ ಅದು ಬೇಕು.

ಪ್ರಶ್ನೆ: ಲಿನಕ್ಸ್ ಹಾಕಿಯಾದ ಮೇಲೆ ಪೆನ್ ಡ್ರೈವ್ ವಿಂಡೋಸ್‌ನಲ್ಲಿ ಕೆಲವೇ ಎಂಬಿ ತೋರಿಸುತ್ತದೆ. ಎಸೆಯಬೇಕೇ? (ವಿದ್ಯಾರ್ಥಿ, ಮುಳ್ಳೇರಿಯ)

ಉತ್ತರ: ಖಂಡಿತ ಬೇಡ. ಐಎಸ್‌ಒ ಜೊತೆಗೆ ಬಂದ ವಿಭಾಗಗಳಲ್ಲಿ ವಿಂಡೋಸ್ ಗುರುತಿಸಬಲ್ಲ ಚಿಕ್ಕದೊಂದು ಮಾತ್ರ ನಿಮಗೆ ಕಾಣುತ್ತಿದೆ. ರೂಫಸ್‌ನಲ್ಲಿ ಬೂಟ್ ಸೆಲೆಕ್ಷನ್ ಎಂಬಲ್ಲಿ ‘ನಾನ್ ಬೂಟಬಲ್’ ಆರಿಸಿ ಸ್ಟಾರ್ಟ್ ಒತ್ತಿದರೆ ಪೂರ್ತಿ ಜಾಗ ಮರಳಿ ಸಿಗುತ್ತದೆ.