ಹಾಲು ತರೋಕೆ ಸ್ಕೂಟರ್ ಯಾಕೆ?

ಮೈಸೂರು ಸರಸ್ವತಿಪುರಂನ ಓದುಗರೊಬ್ಬರ ಪತ್ರ: “ಮುಕ್ಕಾಲು ಕಿಲೋಮೀಟರ್ ದೂರದ ಹಾಲಿನ ಬೂತಿಗೆ ಸ್ಕೂಟರ್ ಬಿಟ್ಟು ನಡೆದೇ ಹೋಗುತ್ತಿದ್ದೇನೆ. ಮನೆಯಲ್ಲಿ ನಗುತ್ತಾರೆ. ಇಷ್ಟೇ ಇಷ್ಟು ದೂರ ನಡೆದರೆ ಪರಿಸರಕ್ಕೆ ಏನು ಲಾಭ?”

ಮೇಡಂ, ಪತ್ರ ಓದಿ ಖುಷಿಯಾಯಿತು. “ಇಷ್ಟೇ ಇಷ್ಟು” ಅಂದಿರಲ್ಲ, ಅದಕ್ಕೆ ಮಾತ್ರ ಸ್ವಲ್ಪ ಬೇಜಾರಾಯಿತು.

ಗಾಡಿ ಬೇಡವೇ ಬೇಡ ಅನ್ನುತ್ತಿಲ್ಲ. ಮಂಡಿನೋವಿನವರಿಗೆ, ರಾತ್ರಿ ಆಸ್ಪತ್ರೆಗೆ ಓಡುವವರಿಗೆ ಅದು ಬೇಕು. ಆದರೆ ಹಾಲು, ಕೊತ್ತಂಬರಿ ಸೊಪ್ಪು, ಜೆರಾಕ್ಸ್ ಅಂತ ಸುತ್ತುವ ಓಡಾಟವೇ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದರಲ್ಲೂ ತಣ್ಣಗಿರುವ ಎಂಜಿನ್ ಶುರುವಿನಲ್ಲಿ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಹೊಗೆಯ ವಿಷ ಕಡಿಮೆ ಮಾಡೋಕೆ ಸೈಲೆನ್ಸರ್ ಕಡೆ ಒಂದು ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದಲ್ವಾ, ಅದು 300 ಡಿಗ್ರಿಯ ಹತ್ತಿರ ಕಾಯುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದು ಕಾಯುವಷ್ಟರಲ್ಲಿ ನೀವು ಬೂತ್ ಮುಂದೆ ಸ್ಟ್ಯಾಂಡ್ ಹಾಕಿರುತ್ತೀರಿ. ದೂರ ಕಡಿಮೆಯಾದಷ್ಟೂ ಕಿಲೋಮೀಟರಿಗೆ ಬಿಡುವ ಹೊಗೆ ಕೆಟ್ಟದ್ದು. ನೀವು ಬಿಟ್ಟಿರುವುದು ಅದನ್ನೇ. ನಗುವವರಿಗೆ ಇದನ್ನು ಓದಿ ಹೇಳಿ.

ಮಾಸ್ತಿಯವರು ಕೊಡೆ ಹಿಡಿದು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದರು. ಆಗ ಯಾರೂ ಅದನ್ನು ಪರಿಸರ ಪ್ರೇಮ ಅನ್ನಲಿಲ್ಲ. ನಮ್ಮಮ್ಮನೂ ಮಾರ್ಕೆಟ್ಟಿಗೆ ಎರಡು ಚೀಲ ಹಿಡಿದು ನಡೆದೇ ಹೋಗಿ ಬರುತ್ತಿದ್ದರು. ಈಗ ಎಂಬತ್ತು ದಾಟಿದೆ, ಕಾಲು ಇನ್ನೂ ಗಟ್ಟಿ. ಆದರೂ ಗೇಟಿನಾಚೆ ಹೋಗಲು ಹೆದರುತ್ತಾರೆ, ಯಾಕೆಂದರೆ ನಮ್ಮ ಬೀದಿಯ ಫುಟ್‌ಪಾತ್ ಅವರ ಮಂಡಿಯೆತ್ತರ ಇದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಫುಟ್‌ಪಾತ್ ಅಂಚು 150 ಮಿಲಿಮೀಟರ್, ಅಂದರೆ ಅರ್ಧ ಅಡಿ ಮೀರಬಾರದು ಅಂತ ರಸ್ತೆ ಹೇಗಿರಬೇಕು ಅಂತ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಹೇಳುತ್ತದೆ. ಹತ್ತಿದರೂ ಟ್ರಾನ್ಸ್‌ಫಾರ್ಮರ್, ಅದು ದಾಟಿದರೆ ಯಾರದೋ ಕಾರು, ಆಮೇಲೆ ಬಾಯಿ ತೆರೆದ ಚಪ್ಪಡಿ, ಕೊನೆಗೆ ರಸ್ತೆಗೇ ಇಳಿಯಬೇಕು. ಹಿಂದಿನಿಂದ ಹಾರ್ನ್. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಒಳ್ಳೆಯ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಡೆಯೋಕೆ ಜಾಗ ಕೊಡಿ ಅನ್ನಲು ದೇಶದ ದೊಡ್ಡ ಕೋರ್ಟೇ ಬರಬೇಕಾಯಿತು!

ಮೇಡಂ, ನಾಳೆ ಬೂತಿಗೆ ಹೋಗುವಾಗ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು ಅಂತ ಎಣಿಸಿ, ಎಲ್ಲೆಲ್ಲಿ ಅಂತ ಗುರುತು ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಗೇ ಪ್ರಕಟಿಸುತ್ತೇವೆ.