ನಕ್ಷತ್ರಗಳ ನಡುವೆ ಗಂಧಕದ ಸಾವಯವ (ಅಂದರೆ ಇಂಗಾಲವೂ ಇರುವ) ಅಣುಗಳಿವೆ ಅಂತ ಭೂಮಿಯಿಂದಲೇ ಹೇಗೆ ಗೊತ್ತಾಗುತ್ತದೆ?

ಆ ಅಣುಗಳೇ ಹೊರಸೂಸುವ ರೇಡಿಯೋ ಅಲೆಗಳಿಂದ.

ನಕ್ಷತ್ರಗಳ ನಡುವಿನ ಅನಿಲದ ಮೋಡಗಳಲ್ಲಿ ಅಣುಗಳು ಗಿರಗಿರನೆ ತಿರುಗುತ್ತಿರುತ್ತವೆ. ಆದರೆ ಮನಸ್ಸಿಗೆ ಬಂದ ವೇಗದಲ್ಲಿ ಅಲ್ಲ, ಕೆಲವು ನಿಗದಿತ ಮಟ್ಟಗಳಲ್ಲಿ ಮಾತ್ರ. ಒಂದು ಮಟ್ಟದಿಂದ ಕೆಳಗಿನದಕ್ಕೆ ಇಳಿದಾಗ ಖಚಿತ ಆವರ್ತನದ ಅಲೆ ಹೊರಬರುತ್ತದೆ. ಅದು ಯಾವ ಆವರ್ತನ ಅನ್ನುವುದು ಅಣುವಿನ ಆಕಾರ, ತೂಕಕ್ಕೆ ಬಿಟ್ಟದ್ದು. ಆಮ್ಲಜನಕದ ಜಾಗದಲ್ಲಿ ಗಂಧಕ ಕೂತರೆ ಅಣು ಭಾರವಾಗುತ್ತದೆ, ಆವರ್ತನಗಳೆಲ್ಲ ಬದಲಾಗುತ್ತವೆ. ಹಾಗಾಗಿ ಆ ಎರಡು ಅಣುಗಳ ನಡುವೆ ಗೊಂದಲವಿಲ್ಲ.

ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಂಧಕದ ಅಣುವನ್ನೇ ತೆಗೆದುಕೊಳ್ಳಿ. ಅಡುಗೆ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುತ್ತದಲ್ವಾ, ಆ ವಾಸನೆ ಇದರದ್ದೇ. ವಿಜ್ಞಾನಿಗಳು ಮೊದಲು ಇದರ ಆವರ್ತನಗಳನ್ನು ಪ್ರಯೋಗಾಲಯದಲ್ಲಿ ಅಳೆದರು. ಆಮೇಲೆ ಓರಿಯನ್ ನೀಹಾರಿಕೆ ಎಂಬ ಅನಿಲದ ಮೋಡದಿಂದ ಬಂದ ಸಂಕೇತಗಳಲ್ಲಿ ಅವನ್ನೇ ಹುಡುಕಿ, 2014ರಲ್ಲಿ ಸಿಕ್ಕಿದ್ದನ್ನು ಪ್ರಕಟಿಸಿದರು. ಇದಕ್ಕಿಂತ ಚಿಕ್ಕದಾದ ಮೀಥೈಲ್ ಮರ್ಕ್ಯಾಪ್ಟನ್ 1979ರಲ್ಲೇ, ನಮ್ಮ ಗ್ಯಾಲಕ್ಸಿಯ ಕೇಂದ್ರದ ಹತ್ತಿರದ ಮೋಡದಲ್ಲಿ ಪತ್ತೆಯಾಗಿತ್ತು.

ನಿಜವಾದ ಕಷ್ಟ ಇರುವುದು ಹೋಲಿಸಿ ನೋಡುವ ಹಂತದಲ್ಲಿ. ಒಂದೇ ಮೋಡದಲ್ಲಿ ಹಲವಾರು ಬಗೆಯ ಅಣುಗಳ ಸಂಕೇತ ಒಂದರ ಮೇಲೊಂದು ಬಿದ್ದಿರುತ್ತವೆ. ಅಣು ದೊಡ್ಡದಾದಷ್ಟೂ ಅದರ ಶಕ್ತಿ ಹೆಚ್ಚು ಸಂಖ್ಯೆಯ ಆವರ್ತನಗಳಿಗೆ ಹಂಚಿಹೋಗಿ ಪ್ರತಿಯೊಂದೂ ಕ್ಷೀಣವಾಗುತ್ತದೆ. ಒಂದೆರಡು ಆವರ್ತನ ಸುಮ್ನೆ ಕಾಕತಾಳೀಯವಾಗಿ ಹೊಂದಬಹುದು. ಅದಕ್ಕೇ ಹಲವು ಆವರ್ತನಗಳು, ಇರಬೇಕಾದಷ್ಟೇ ತೀವ್ರತೆಯಲ್ಲಿ ಸಿಕ್ಕರೆ ಮಾತ್ರ ಪತ್ತೆಯಾಯಿತು ಅಂತ ಒಪ್ಪುತ್ತಾರೆ.