ನಾಲ್ಕು ನೌಕರಿ, ಒಂದೇ ಕಾಟಾ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು ಮತ್ತು ಮನೆಯ ವಿವರಗಳನ್ನು ಬದಲಿಸಿ, ನೌಕರಿಗಳ ಕ್ರಮವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಬಳ್ಳಾರಿ, ಸಂಡೂರು, ಕೊಪ್ಪಳದ ಕಡೆ ಇದೇ ಕ್ರಮದಲ್ಲಿ ಕೆಲಸ ಬದಲಿಸಿದವರು ಓಣಿಗೊಬ್ಬರು ಸಿಗುವುದರಿಂದ ಅದರಿಂದ ಯಾರ ಗುರುತೂ ಹತ್ತುವುದಿಲ್ಲ.

ಅವರನ್ನು ಈಶಪ್ಪ ಎಂದು ಕರೆಯುತ್ತೇನೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ನನ್ನ ಕೊಠಡಿಗೆ ಪತ್ನಿಯೊಂದಿಗೆ ಬಂದಾಗ ಅವರಿಗೆ 45 ವರ್ಷ. ಗಿಣಿಗೇರಿ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದರು. ಸಂಡೂರು ತಾಲ್ಲೂಕಿನ ಗಣಿಯೊಂದರ ಗುತ್ತಿಗೆದಾರರು ತಿಂಗಳಿಗೆ 3,000 ರೂಪಾಯಿ ಹೆಚ್ಚು ಕೊಡುವುದಾಗಿ ಕರೆದಿದ್ದರು. ಹೋಗಬೇಕೋ ಬೇಡವೋ ಎಂಬ ತಾಕಲಾಟದಲ್ಲಿ ಒಂದೂವರೆ ತಿಂಗಳಿಂದ ನಿದ್ದೆ ಕೆಟ್ಟಿತ್ತು. ಮಗಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ, ಅವಳ ಓದು ಮುಗಿಯುವವರೆಗೆ ಅಲುಗಾಡಬಾರದು ಎಂಬುದು ಪತ್ನಿಯ ಮಾತು. ಇದೆಲ್ಲಕ್ಕಿಂತ ಈಶಪ್ಪನವರಿಗೆ ಚುಚ್ಚಿದ್ದು, ಸರ್ಕಾರಿ ಶಾಲೆಯ ಮೇಷ್ಟ್ರಾಗಿರುವ ಅವರ ಬಾಮೈದ ದೀಪಾವಳಿ ಊಟದ ಪಂಕ್ತಿಯಲ್ಲಿ ನಗುತ್ತಾ ಆಡಿದ ಮಾತು: “ನಮ್ಮ ಭಾವ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟ್ಯಾರೆ.”

ನಿದ್ದೆ, ಊಟ, ಕುಡಿತ, ಸಾವಿನ ಯೋಚನೆ ಇವುಗಳ ಬಗ್ಗೆ ನಿಯಮದಂತೆ ವಿಚಾರಿಸಿದೆ. ಮನೋವೈದ್ಯರ ಬಳಿಗೆ ಕಳುಹಿಸಬೇಕಾದಂಥದ್ದು ಏನೂ ಕಾಣಲಿಲ್ಲ. ಆದರೆ ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಒಂದೊಂದು ನೌಕರಿಯ ಹೆಸರು ಬಂದಾಗಲೂ “ಅದನ್ನು ಏಕೆ ಬಿಟ್ಟಿರಿ?” ಎಂದು ಕೇಳುತ್ತಾ ಹೋದೆ. ಪ್ರತಿ ಉತ್ತರಕ್ಕೂ ಅವರ ದನಿ ಇಳಿಯುತ್ತಾ ಹೋಯಿತು. ಮೂರನೆಯ ಸಲ ಕೇಳುವ ಹೊತ್ತಿಗೆ ಅವರು ಬಾಮೈದನಿಗೆ ಉತ್ತರ ಕೊಡುತ್ತಿರುವಂತೆ ಕಂಡಿತು. ನನ್ನ ಪ್ರಶ್ನೆಯೊಳಗೇ ಆ ಚಕ್ರದ ಮಾತು ಕೂತಿತ್ತು.

ಎರಡನೆಯ ಭೇಟಿಯಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು, ಮೊದಲ ನೌಕರಿಯ ಒಂದು ಪಾಳಿ ಹೇಗಿರುತ್ತಿತ್ತೆಂದು ಹೇಳಿಸಿದೆ. 2003ರಿಂದ ಅವರು ಕಬ್ಬಿಣದ ಅದಿರಿನ ಗಣಿಯೊಂದರ ಕಾಟಾದಲ್ಲಿ, ಅಂದರೆ ಲಾರಿ ತೂಗುವ ವೇಬ್ರಿಡ್ಜಿನಲ್ಲಿ, ಗುಮಾಸ್ತರಾಗಿದ್ದರು. ಖಾಲಿ ಲಾರಿ ಹತ್ತಿದಾಗ ಒಂದು ತೂಕ, ಅದಿರು ತುಂಬಿ ಬಂದಾಗ ಇನ್ನೊಂದು. ಟೈರಿನ ಉಬ್ಬು ನೋಡಿಯೇ ಎಷ್ಟು ಟನ್ ಹೆಚ್ಚಿದೆ ಎಂದು ಕಾಟಾ ಹತ್ತುವ ಮೊದಲೇ ಹೇಳುತ್ತಿದ್ದೆ ಎನ್ನುವಾಗ ಅವರ ಕೈಗಳು ಮೇಜಿನ ಮೇಲೆ ಲಾರಿಯ ಆಕಾರ ಬರೆಯುತ್ತಿದ್ದವು. 2011ರ ಜುಲೈ 29, ಶುಕ್ರವಾರ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ತೆರೆದೀತೆಂದು ಅವರು ತಿಂಗಳುಗಟ್ಟಲೆ ಕಾದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ, ಅಂದರೆ ಅತಿ ಹೆಚ್ಚು ಅಕ್ರಮ ಕಂಡುಬಂದ, ಗಣಿ ಗುತ್ತಿಗೆಗಳು ರದ್ದಾದಾಗ ಅವರ ಗಣಿಯೂ ಅದರಲ್ಲಿತ್ತು.

ಅಷ್ಟರಲ್ಲಿ, 2012ರಲ್ಲೇ, ಅವರು ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕವೊಂದನ್ನು ಸೇರಿಯಾಗಿತ್ತು. ಅಲ್ಲಿ ಒಗೆಯಲು ಹೋದ ಪೀಸುಗಳೆಷ್ಟು, ಬಣ್ಣ ಕೆಟ್ಟು ಹಿಂದೆ ಬಿದ್ದವೆಷ್ಟು ಎಂಬ ಲೆಕ್ಕ ಅವರದು. 2016ರ ನವೆಂಬರಿನ ನೋಟು ರದ್ದತಿಯ ನಂತರ ವಾರದ ನಗದು ಬಟವಾಡೆ ತಪ್ಪಿ ಆ ಕೆಲಸವೂ ನಿಂತಿತು. ಕೆಲವು ತಿಂಗಳು ವಿಮಾ ಏಜೆಂಟರಾಗಿ ತಿರುಗಿದರು. ಅದನ್ನು ಅವರು ನೆನೆಯಲೂ ಇಷ್ಟಪಡಲಿಲ್ಲ. 2017ರ ಮಾರ್ಚಿನಲ್ಲಿ ಈಗಿನ ಕಾರ್ಖಾನೆಗೆ ಬಂದರು. ಇಲ್ಲಿಯೂ ಒಳಬಂದ ಅದಿರು, ಕಲ್ಲಿದ್ದಲು, ಹೊರಹೋದ ಮಾಲು ಇವು ಗೇಟ್ ಪಾಸಿನೊಂದಿಗೆ ತಾಳೆಯಾಗಬೇಕು.

ಒಂದು ಹಾಳೆಯಲ್ಲಿ ನೌಕರಿಗಳ ಹೆಸರಿನ ಬದಲು ದಿನವೂ ಮಾಡುತ್ತಿದ್ದ ಕೆಲಸವನ್ನು ಬರೆಯಲು ಹೇಳಿದೆ. ಬರೆದು, ತುಸು ಹೊತ್ತು ನೋಡಿ, “ಎಲ್ಲಾ ಕಡೆ ಕಾಟಾನೇ ಮಾಡೀನಲ್ಲ ಮೇಡಂ” ಎಂದರು. ಇದನ್ನು ನಾನು ಮೊದಲೇ ಹೇಳಿಬಿಡಬಹುದಿತ್ತು, ಆದರೆ ನನ್ನ ಬಾಯಿಂದ ಬಂದಿದ್ದರೆ ಅದು ಸಮಾಧಾನದ ಮಾತಾಗುತ್ತಿತ್ತು.

ಮೂರನೆಯ ಭೇಟಿಗೆ ಮನೆಯಲ್ಲಿರುವ ಕಾಗದಗಳನ್ನೆಲ್ಲ ತರಲು ತಿಳಿಸಿದ್ದೆ. ಕಾಗದ ನೋಡುವುದು ಆಪ್ತಸಲಹೆಗಾರರ ಕೆಲಸವೇ ಎಂದು ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ಆದರೆ ನೌಕರಿಯ ಚಿಂತೆ ಹೊತ್ತು ಬಂದವರ ಭಯದಲ್ಲಿ ಅರ್ಧ ಭಾಗ ಓದದೇ ಉಳಿದ ಕಾಗದದಲ್ಲಿರುತ್ತದೆ ಎಂಬುದು ನನ್ನ ಅನುಭವ. ಅವರ ಪ್ಲಾಸ್ಟಿಕ್ ಫೈಲಿನಲ್ಲಿ ಎರಡು ಸಂಗತಿಗಳು ಸಿಕ್ಕವು.

ಒಂದು, ಗಣಿ ನಿಂತ ಮೇಲೆ ಅವರು ಭವಿಷ್ಯ ನಿಧಿಯ ಜೊತೆಗೆ ಪಿಂಚಣಿಯ ಪಾಲನ್ನೂ ತೆಗೆದುಬಿಟ್ಟಿದ್ದರು. ಹತ್ತು ವರ್ಷದೊಳಗೆ ಕೆಲಸ ಬಿಟ್ಟವರು ‘10ಸಿ’ ನಮೂನೆಯಲ್ಲಿ ಹಣ ಪಡೆಯಬಹುದು, ಇಲ್ಲವೇ ಸೇವಾವಧಿಯನ್ನು ಉಳಿಸಿಕೊಳ್ಳುವ ಯೋಜನಾ ಪ್ರಮಾಣಪತ್ರ ಕೇಳಬಹುದು. ಅರ್ಜಿ ಬರೆದುಕೊಟ್ಟ ಟೈಪಿಂಗ್ ಅಂಗಡಿಯವನು ಹಣದ ಕಡೆ ಗುರುತು ಹಾಕಿದ್ದ; ಎಂಟು ವರ್ಷದ ಸೇವೆ ನಲವತ್ತು ಸಾವಿರ ಚಿಲ್ಲರೆಗೆ ಮುಗಿದು, ಹಣ ಸಂಘದ ಸಾಲಕ್ಕೆ ಜಮಾ ಆಯಿತು. ಇದು ತಿಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ನಾನೂ ಆ ಮೌನವನ್ನು ತುಂಬಲು ಹೋಗಲಿಲ್ಲ.

ಇನ್ನೊಂದು, ಶಾಲೆಯ ಟಿ.ಸಿ.ಯಲ್ಲಿ ಜನ್ಮದಿನ 1–6–1979, ಆಧಾರಿನಲ್ಲಿ 1–1–1979. ನಮ್ಮ ಕಡೆ ಹೆಡ್‌ಮಾಸ್ತರರು ಬರೆದುಕೊಂಡ ಜೂನ್ ಒಂದರಂದೇ ಹುಟ್ಟಿದವರು ಒಂದು ತಲೆಮಾರಿನಷ್ಟಿದ್ದಾರೆ. ತಾಯಿ ಹೇಳುವ ಪ್ರಕಾರ ಈಶಪ್ಪ ಹುಟ್ಟಿದ್ದು ಶೇಂಗಾ ಕೀಳುವ ಕಾಲದಲ್ಲಿ. ಪಿಂಚಣಿ ಕೇಳುವ ದಿನ ಈ ಐದು ತಿಂಗಳ ಅಂತರವೇ ಅರ್ಜಿಯನ್ನು ವಾಪಸ್ ಕಳಿಸಬಲ್ಲದು.

ಆಮೇಲೆ ಅವರಿಂದಲೇ ಲೆಕ್ಕ ಹಾಕಿಸಿದೆ, ತೂಕದ ಲೆಕ್ಕ ಅವರಿಗೆ ಹೇಳಿಕೊಡಬೇಕಾದದ್ದಲ್ಲವಲ್ಲ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ. ಮಾಲೀಕರು ಭವಿಷ್ಯ ನಿಧಿ ಮತ್ತು ಪಿಂಚಣಿಗೆ ಕಟ್ಟುವ ಶೇ. 12 ಎಂದರೆ ತಿಂಗಳಿಗೆ 1,680. ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಗ್ರಾಚ್ಯುಟಿ ಸೇವೆಯ ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನವೆಂದು ಹಿಡಿದರೆ 8,077, ತಿಂಗಳಿಗೆ 673. ಗುತ್ತಿಗೆದಾರರು ಇವೆರಡನ್ನೂ ಕೊಡದಿದ್ದರೆ 3,000ದ ಹೆಚ್ಚಳದಲ್ಲಿ ಉಳಿಯುವುದು 647 ರೂಪಾಯಿ, ಅದೂ ಸಂಡೂರಿನಲ್ಲಿ ಕೋಣೆ ಬಾಡಿಗೆ ಕಟ್ಟುವ ಮೊದಲು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅವರದು ಏಳು ವರ್ಷ ಎಂಟು ತಿಂಗಳಾಗಿತ್ತು. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವ ಸೂತ್ರದಂತೆ ಹತ್ತು ವರ್ಷಕ್ಕೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ. 58 ವರ್ಷ ವಯಸ್ಸಿನವರೆಗೆ ತುಂಡಾಗದೆ ಇಪ್ಪತ್ತು ವರ್ಷವಾದರೆ ಎರಡು ವರ್ಷ ಹೆಚ್ಚುವರಿ ಸೇರಿ 4,400. ದೊಡ್ಡ ಮೊತ್ತವೇನಲ್ಲ, ಆದರೂ ಅವರ ತಂದೆಗೆ ಅದೂ ಇರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಕೆಲಸ ಬದಲಿಸಿದರೆ ಸೇವೆ ಮುರಿಯುವುದಿಲ್ಲ. ಭವಿಷ್ಯ ನಿಧಿಯ ಅದೇ ಯುಎಎನ್ ಸಂಖ್ಯೆಯನ್ನು ಹೊಸ ಮಾಲೀಕರಿಗೆ ಕೊಟ್ಟು ಖಾತೆ ವರ್ಗಾಯಿಸಿಕೊಂಡರೆ ವರ್ಷಗಳು ಕೂಡುತ್ತಲೇ ಹೋಗುತ್ತವೆ, ಹಣ ತೆಗೆದಾಗಲೇ ಅವು ಅಳಿಯುವುದು. ಆದ್ದರಿಂದ ಹೋಗುವುದು ತಪ್ಪೆಂದು ನಾನು ಹೇಳಲಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಆಳುಗಳಿರುವ ಗುತ್ತಿಗೆದಾರರಿಗೆ ಭವಿಷ್ಯ ನಿಧಿ ಕಡ್ಡಾಯವಾಗಿರುವುದರಿಂದ, ನೇಮಕಪತ್ರದಲ್ಲಿ ಅದನ್ನು ಬರೆದು ಕೊಡುವಿರಾ ಎಂದು ಸಂಕೋಚವಿಲ್ಲದೆ ಕೇಳಿ ಎಂದೆ. ಎಲ್ಲಿಗೆ ಹೋಗುವುದಾದರೂ ಈಗಿನ ಕಾರ್ಖಾನೆಯ ಸಹಿಯಿರುವಾಗಲೇ ನೌಕರ ಮತ್ತು ಮಾಲೀಕರಿಬ್ಬರೂ ಸಹಿ ಹಾಕುವ ಜಂಟಿ ಘೋಷಣೆ ಸಲ್ಲಿಸಿ ಜನ್ಮದಿನ ಸರಿಪಡಿಸಿಕೊಳ್ಳಿ, ಮುಚ್ಚಿಹೋದ ಕಂಪನಿಯ ಸಹಿಗಾಗಿ ಅಲೆಯುವುದು ಎಂಥದ್ದೆಂದು ನಿಮಗೆ ಗೊತ್ತಿದೆ ಎಂದು ಒತ್ತಿ ಹೇಳಿದೆ. ಐದು ವರ್ಷ ದಾಟಿರುವುದರಿಂದ ರಾಜೀನಾಮೆ ಕೊಟ್ಟರೂ ಸುಮಾರು 64,600 ರೂಪಾಯಿ ಗ್ರಾಚ್ಯುಟಿ ಬರಬೇಕೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಮಗಳ ಓದಿನ ನೆಪ ಹೇಳಿ ತಡೆಯುವ ಬದಲು, ಮತ್ತೆ ಸಂಬಳವಿಲ್ಲದ ತಿಂಗಳುಗಳನ್ನು ಕಾಣುವ ಭಯ ತಮಗಿದೆ ಎಂದು ನೇರವಾಗಿ ಹೇಳುವಂತೆ ಪತ್ನಿಗೆ ಸೂಚಿಸಿದೆ. ಆ ಮಾತನ್ನು ಅವರು ನನ್ನೆದುರಿಗೇ ಗಂಡನಿಗೆ ಹೇಳಿದರು. ಬಾಮೈದನಿಗೆ ಉತ್ತರ ಕೊಡುವ ಅಗತ್ಯವಿಲ್ಲವೆಂದು ಮೂವರೂ ಒಪ್ಪಿದೆವು.

ಗುತ್ತಿಗೆದಾರರು “ಪಿಎಫ್ ಎಲ್ಲಾ ಆಮೇಲೆ ನೋಡೋಣ, ಮೊದ್ಲು ಬಾ” ಎಂದರಂತೆ. ಈಶಪ್ಪ ಹೋಗಲಿಲ್ಲ. ಜನ್ಮದಿನದ ತಿದ್ದುಪಡಿ ಮುಗಿದ ಮೇಲೆ, ಕಂಪನಿಯ ರೋಲಿನಲ್ಲೇ ಇರುವ ಕಾಟಾ ಮೇಲ್ವಿಚಾರಕರ ಕೆಲಸಗಳಿಗೆ ಅರ್ಜಿ ಹಾಕುವುದೆಂದು ನಿರ್ಧರಿಸಿದರು. ಕೊನೆಯ ಭೇಟಿಗೆ ಬಯೋಡೇಟಾ ತಂದಿದ್ದರು. ವಿಮಾ ಏಜೆಂಟರಾಗಿದ್ದ ತಿಂಗಳುಗಳ ಸಾಲನ್ನು ಅವರು ಪೆನ್ನಿನಿಂದ ಹೊಡೆದುಹಾಕಿದ್ದರು. ಅದರ ಮೇಲೆ ಬೇರೆ ಕೈಬರಹದಲ್ಲಿ ಅದೇ ಸಾಲನ್ನು ಮತ್ತೆ ಬರೆಯಲಾಗಿತ್ತು. ಕೇಳಿದ್ದಕ್ಕೆ ಪತ್ನಿ, “ಆ ವರ್ಷಾನೇ ಮೇಡಂ ಇವ್ರು ಗೊತ್ತಿಲ್ಲದೋರ ಮನಿ ಬಾಗ್ಲಾಗೆ ನಿಂತು ಮಾತಾಡೋದು ಕಲ್ತಿದ್ದು” ಎಂದರು.